ಚನ್ನರಾಯಪಟ್ಟಣಕ್ಕೆ ಹೋಗಿದ್ದ ಮಗಳು

ಅವಳು ಬಂದ ದಿನವೇ ನನ್ನನ್ನು "ಅಮ್ಮ" ಎಂದು ಕರೆದಳು. ಹಾಸನದಿಂದ ಬಂದ ಬಸ್ಸು ಹೊಳೆನರಸೀಪುರದ ನಿಲ್ದಾಣದಲ್ಲಿ ಆಗಷ್ಟೇ ನಿಂತಿತ್ತು, ನಾವಿನ್ನೂ ಆಟೊ ಹತ್ತಿರಲಿಲ್ಲ. "ಅಮ್ಮ, ನಾನು ತುದೀಲಿ ಕೂತ್ಕೊಳ್ಲಾ?" ಎಂದು ಕೇಳಿದಳು. ನನ್ನ ಗಂಡ ಆ ಕಡೆ ತಿರುಗಿ ಕರ್ಚೀಫಿನಿಂದ ಮುಖ ಒರೆಸಿಕೊಂಡರು. ನನಗೆ ಮಾತ್ರ ಸಂತೋಷಕ್ಕಿಂತ ಮೊದಲು ಗಾಬರಿಯಾಯಿತು. ಆ ಮಾತು ಅವಳ ಬಾಯಿಂದ ಅಷ್ಟು ಸಲೀಸಾಗಿ ಬಂದಿತ್ತು. ಹೊಸದಾಗಿ ಶಾಲೆಗೆ ಸೇರಿದ ಮಕ್ಕಳು ಮೊದಲ ದಿನವೇ ನನ್ನನ್ನು "ಮಿಸ್" ಅನ್ನುತ್ತಾರಲ್ಲ, ಹಾಗೆ. ಎದುರಿಗಿರುವವರು ಯಾರಾದರೂ ಆಗಬಹುದಿತ್ತು.

ನಮ್ಮ ಮನೆ ಹೊಳೆನರಸೀಪುರದಲ್ಲಿ, ನಾನು ಅರಕಲಗೂಡಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರ್. ಇವರದು ಹಳ್ಳಿಮೈಸೂರಿನ ಕಡೆ ಒಂದು ಊರು, ತಾತನ ಕಾಲದಿಂದ ಕ್ರೈಸ್ತರು. ನಾನು ಹಾಸನದಲ್ಲಿ ಹುಟ್ಟಿ ಬೆಳೆದವಳು, ನಮ್ಮಪ್ಪ ಸಭೆಯ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಮದುವೆಯಾಗಿ ಬಹಳ ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆ, ಪ್ರಾರ್ಥನೆ, ನೆಂಟರ ಸಲಹೆ ಎಲ್ಲ ಮುಗಿದ ಮೇಲೆ ಒಂದು ದಿನ ಇವರೇ ಊಟದ ನಡುವೆ ಅಂದರು, "ನಾವ್ಯಾಕೆ ಒಂದು ಮಗೂನ ಕರ್ಕೊಂಡ್ ಬರಬಾರ್ದು ಕಣೇ?" ಪುಟ್ಟ ಕೂಸೇ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು, ದೊಡ್ಡ ಮಕ್ಕಳನ್ನು ಕೇಳುವವರು ಕಡಿಮೆ ಎಂದು ಹಾಸನದ ಮಕ್ಕಳ ಮನೆಯಲ್ಲಿ ಹೇಳಿದರು. ಅಲ್ಲಿ ನಾವು ಮೊದಲ ಸಲ ನೋಡಿದಾಗ ಅವಳಿಗೆ ಒಂಬತ್ತು ವರ್ಷ. ಎರಡು ಜಡೆ, ಉಗುರು ಕಚ್ಚಿ ಕಚ್ಚಿ ಕೆಂಪಾದ ಬೆರಳ ತುದಿ.

ಅಲ್ಲಿನ ಮೇಲ್ವಿಚಾರಕಿ ನಮ್ಮನ್ನು ಬೇರೆ ಕೋಣೆಗೆ ಕರೆದು ಒಂದು ವಿಷಯ ಹೇಳಿದರು. ನಮಗಿಂತ ಮೊದಲು ಚನ್ನರಾಯಪಟ್ಟಣದ ಒಂದು ಕುಟುಂಬ ಅವಳನ್ನು ದತ್ತು ತೆಗೆದುಕೊಳ್ಳಲೆಂದು ಕರೆದುಕೊಂಡು ಹೋಗಿತ್ತು. ಕೆಲವು ತಿಂಗಳು ಇಟ್ಟುಕೊಂಡು, ದತ್ತು ಆದೇಶ ಆಗುವ ಮುಂಚೆಯೇ ತಂದು ಬಿಟ್ಟಿತ್ತು. ಕಾರಣ ಕೇಳಿದ್ದಕ್ಕೆ, "ಹೊಂದಾಣಿಕೆ ಆಗ್ಲಿಲ್ಲ ಅಂದ್ರು ಮೇಡಂ. ನೀವು ಚೆನ್ನಾಗಿ ಯೋಚ್ನೆ ಮಾಡಿ. ಇನ್ನೊಂದ್ಸಲ ಹಂಗಾದ್ರೆ ಈ ಮಗು ತಡ್ಕೊಳಲ್ಲ" ಎಂದರು. ವಾಪಸ್ ಬರುವಾಗ, ಬಸ್ಸು ಊರ ಹತ್ತಿರ ಬಂದಾಗ ಇವರು, "ನಂಗಂತೂ ಯೋಚ್ನೆ ಮುಗೀತು" ಎಂದರು. ನನ್ನದು ಮುಗಿದಿರಲಿಲ್ಲ. ಆದರೂ ತಲೆಯಾಡಿಸಿದೆ.

ಬಂದ ಮೊದಲ ಎರಡು ತಿಂಗಳು ಅವಳಷ್ಟು ಒಳ್ಳೆಯ ಮಗು ಊರಲ್ಲೇ ಇರಲಿಲ್ಲ. ಉಂಡ ತಟ್ಟೆ ತೊಳೆದಿಡುತ್ತಿದ್ದಳು. ಹಾಸಿಗೆ ಮಡಚುತ್ತಿದ್ದಳು. ನೀರು ಕುಡಿಯುವುದಕ್ಕೂ ಅಪ್ಪಣೆ ಕೇಳುತ್ತಿದ್ದಳು. ಪಕ್ಕದ ಮನೆಯ ಗೌಡರ ಅಜ್ಜಿ ಕಾಂಪೌಂಡಿನ ಆ ಕಡೆಯಿಂದ ನೋಡಿ ನೋಡಿ, "ಅಲ್ಲ ಕಣವ್ವ, ಇಂಥ ಮಗೀನ ಎಲ್ಲಿಂದ ಉಡುಕ್ಕಂಡ್ ಬಂದ್ರಿ? ನಮ್ಮನೇಲೂ ಅವೆ ಮೊಮ್ಮಕ್ಳು, ಒಂದು ಲೋಟ ಎತ್ತಿಕ್ಕಕಿಲ್ಲ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಹೋದರೆ ಅವಳು ಹಾಸನದಿಂದ ತಂದ ಚೀಲ ಕಾಣುತ್ತಿತ್ತು. ಅವಳಿಗೆಂದು ಕೊಂಡ ಬೀರುವಿನಲ್ಲಿ ಒಂದು ಬಟ್ಟೆಯನ್ನೂ ಇಟ್ಟಿರಲಿಲ್ಲ. ಎಲ್ಲವನ್ನೂ ಒಗೆದು, ಒಣಗಿಸಿ, ಮತ್ತೆ ಆ ಚೀಲಕ್ಕೇ ತುಂಬುತ್ತಿದ್ದಳು. ಮಲಗುವಾಗ ಚಪ್ಪಲಿ ತಲೆಯ ಹತ್ತಿರ ಇರುತ್ತಿತ್ತು.

ಊಟಕ್ಕೆ ಟೇಬಲ್ಲಿಗೆ ಕರೆದರೆ ಬರುತ್ತಿದ್ದಳು, ಆದರೆ ಒಂದೆರಡು ತುತ್ತಾಗುತ್ತಲೇ ತಟ್ಟೆ ಹಿಡಿದುಕೊಂಡು ಹೋಗಿ ಬಾಗಿಲ ಹೊಸ್ತಿಲ ಹತ್ತಿರ ಕೂರುತ್ತಿದ್ದಳು. ಬೀದಿ ಕಾಣುವ ಹಾಗೆ. ನಾನು "ಒಳಗೆ ಬಾ ಪುಟ್ಟಿ" ಎಂದು ಕರೆದೂ ಕರೆದೂ ಸೋತೆ. ಇವರು ಕರೆಯಲಿಲ್ಲ. ತಮ್ಮ ತಟ್ಟೆ ತೆಗೆದುಕೊಂಡು ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮರುದಿನವೂ ಕೂತರು. ಇವರು ಅದುವರೆಗೆ ಮಂಗಳೂರಿನ ಬಸ್ಸು ಓಡಿಸುತ್ತಿದ್ದರು, ಘಾಟಿಯ ದಾರಿ ಇವರಿಗೆ ಪ್ರಾಣ. ಅದನ್ನು ಬಿಟ್ಟು ಡಿಪೊದಲ್ಲಿ ಕೇಳಿಕೊಂಡು ಅರಕಲಗೂಡು, ರಾಮನಾಥಪುರದ ಬಸ್ಸು ಹಾಕಿಸಿಕೊಂಡರು. ರಾತ್ರಿಯ ಊಟಕ್ಕೆ ಮನೆಗೆ ಬರಬಹುದಲ್ಲ ಎಂದು. ಹೊಸ್ತಿಲಲ್ಲಿ ಇಬ್ಬರೂ ಕೂತು ಮುದ್ದೆ ನುಂಗುವುದನ್ನು ನಾನು ಅಡಿಗೆಮನೆಯಿಂದ ನೋಡುತ್ತಿದ್ದೆ. ನನಗೆ ಹಾಗೆ ಕೂರಲು ಆಗುತ್ತಿರಲಿಲ್ಲ. ಅವಳಿಗೆ ಫ್ರಾಕು ಹೊಲಿದೆ, ಗೋಡೆಗೆ ಬಣ್ಣ ಹೊಡೆಸಿದೆ, ಮಗ್ಗಿ ಹೇಳಿಕೊಟ್ಟೆ, ದಿನವೂ ಏನಾದರೊಂದು ಮಾಡುತ್ತಲೇ ಇದ್ದೆ. ಕೈ ಖಾಲಿಯಾದರೆ ಮನಸ್ಸಿಗೆ ಅದೇ ಯೋಚನೆ ಬರುತ್ತಿತ್ತು: ಈ ಹುಡುಗಿ ಇನ್ನೂ ಬಂದೇ ಇಲ್ಲ.

ಡಿಸೆಂಬರ್ ಬಂತು. ನಮ್ಮ ಚರ್ಚಿನ ಸಭೆ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಪಾಸ್ಟರ್ ಆಗ ಹೊಸಬರು, ಹುರುಪಿನವರು. ಅವಳಿಗಾಗಿ ಪ್ರಾರ್ಥನೆ ಮಾಡಿ ಎಂದು ನಾನೇ ಅವರಿಗೆ ಎಲ್ಲವನ್ನೂ ಹೇಳಿದ್ದೆ. ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಅವರ ಪ್ರಸಂಗದ ವಿಷಯ ದೇವರ ಪ್ರೀತಿ. ದೇವರು ಮೇಲಿಂದ ಕೈಚಾಚಿ ಕೊಡುವವನಾಗಿ ಉಳಿಯಲಿಲ್ಲ, ತಾನೇ ಮನುಷ್ಯನಾಗಿ ಬಂದ, ತನ್ನನ್ನೇ ಕೊಟ್ಟ ಎಂದು ವಿವರಿಸುತ್ತಿದ್ದರು. ಚೆನ್ನಾಗಿಯೇ ಹೇಳುತ್ತಿದ್ದರು. ಆಮೇಲೆ ಅವರ ಕಣ್ಣು ನಮ್ಮ ಬೆಂಚಿನ ಮೇಲೆ ಬಿತ್ತು.

"ದೂರದ ಉದಾಹರಣೆ ಯಾಕೆ?" ಎಂದರು ಮೈಕಿನಲ್ಲಿ. "ಒಂದು ಮನೆಯವರು ಕರೆದುಕೊಂಡು ಹೋಗಿ, ಬೇಡ ಎಂದು ಹಿಂದಕ್ಕೆ ಬಿಟ್ಟ ಮಗುವನ್ನು ನಮ್ಮ ಸಭೆಯ ಒಂದು ಕುಟುಂಬ ಇವತ್ತು ಮಡಿಲಿಗೆ ಹಾಕಿಕೊಂಡಿದೆ. ಯಾರಿಗೂ ಬೇಡವಾದವರನ್ನು ದೇವರು ಪ್ರೀತಿಸಿದ್ದು ಹೀಗೆಯೇ."

ಮುಂದಿನ ಬೆಂಚಿನವರೆಲ್ಲ ತಿರುಗಿ ನೋಡಿದರು. ಮೆಚ್ಚುಗೆಯಿಂದಲೇ ನೋಡಿದರು. ಒಬ್ಬಾಕೆ ನಮ್ಮ ಕಡೆಗೆ ಕೈ ಮುಗಿದಳು. ನನ್ನ ಪಕ್ಕದಲ್ಲಿ ಅವಳು ನೆಟ್ಟಗೆ ಕೂತಿದ್ದಳು, ಹೊಸ ಫ್ರಾಕಿನ ಮೇಲೆ ಕೈಯಿಟ್ಟುಕೊಂಡು. ಮುಖದಲ್ಲಿ ಏನೂ ಇರಲಿಲ್ಲ. ನಾನು ಅವಳ ಕೈ ಹಿಡಿದೆ. ಅವಳು ಹಿಡಿಸಿಕೊಂಡಳು, ಅಷ್ಟೇ. ಕೊನೆಯ ಹಾಡಿಗೆ ಎಲ್ಲರೂ ಎದ್ದು ನಿಂತಾಗ, "ಅಮ್ಮ, ಬಾತ್‌ರೂಮಿಗೆ ಹೋಗ್ಬರ್ಲಾ?" ಎಂದು ಕೇಳಿದಳು. ಹೋಗು ಎಂದೆ.

ಆರಾಧನೆ ಮುಗಿದು ಜನ ಹೊರಗೆ ಬಂದು ಕೈಕುಲುಕುತ್ತಿದ್ದರೂ ಅವಳು ಬರಲಿಲ್ಲ. ಹಿಂದೆ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಗೇಟಿನ ಹೊರಗೆ, ಬೀದಿಯ ತುದಿಯಲ್ಲಿ, ಮನೆಯಲ್ಲಿ, ಎಲ್ಲೂ ಇರಲಿಲ್ಲ. ಮನೆಯ ಬೀಗ ಹಾಕಿದ ಹಾಗೇ ಇತ್ತು. ಅಜ್ಜಿ ಕಾಂಪೌಂಡಿನ ಹತ್ತಿರ ಬಂದು, "ನಾ ಎಲ್ಲೂ ನೋಡ್ನಿಲ್ವಲ್ಲವ್ವ" ಎಂದು ಎದೆಗೆ ಕೈಯಿಟ್ಟುಕೊಂಡರು. ಅಷ್ಟರಲ್ಲಿ ಸಭೆಯವರು ನಾಲ್ಕು ಕಡೆಗೆ ಹೋಗಿದ್ದರು. ಯಾರೋ ಒಬ್ಬರು ಮೆಲ್ಲಗೆ, "ಹೊಳೆ ಕಡೆ ನೋಡಿದ್ರಾ?" ಎಂದರು.

ಆ ಮಾತು ಕೇಳಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸೀರೆ ಎತ್ತಿ ಹಿಡಿದುಕೊಂಡು ಹೇಮಾವತಿಯ ಸೇತುವೆಯವರೆಗೆ ಓಡಿದೆ. ಕೆಳಗೆ ಬಟ್ಟೆ ಒಗೆಯುತ್ತಿದ್ದವರನ್ನು ಕೂಗಿ ಕೇಳಿದೆ. ಇಲ್ಲ ಎಂದು ಕೈಯಾಡಿಸಿದರು. ನೀರು ಸುಮ್ಮನೆ ಹರಿಯುತ್ತಿತ್ತು. ನನಗೆ ಪಾಸ್ಟರ್ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಬಿಸಿಲಲ್ಲಿ ಸುಮ್ಮನೆ ಹೊಳೆಯುತ್ತಿದ್ದ ಆ ನೀರಿನ ಮೇಲೂ ಸಿಟ್ಟು. ಸಂಡೇ ಸ್ಕೂಲಿನಲ್ಲಿ ನಮ್ಮಪ್ಪ ಕಳೆದುಹೋದ ಕುರಿಯ ಕತೆ ಹೇಳುತ್ತಿದ್ದರು. ಕುರಿ ಸಿಕ್ಕಿದಾಗ ಕುರುಬನಿಗೆ ಆದ ಸಂತೋಷವನ್ನು ನಾವು ಚಪ್ಪಾಳೆ ತಟ್ಟಿ ಹಾಡುತ್ತಿದ್ದೆವು. ಸಿಗುವುದಕ್ಕೆ ಮುಂಚೆ ಅವನ ಹೊಟ್ಟೆಯಲ್ಲಿ ಏನಾಗುತ್ತಿತ್ತು ಎಂದು ಅಪ್ಪ ಹೇಳಿರಲಿಲ್ಲ. ಸೇತುವೆಯ ಮೇಲೆ ನಿಂತಾಗ ಅದು ಗೊತ್ತಾಯಿತು.

ಇವರು ಹೊಳೆಯ ಕಡೆ ಬರಲಿಲ್ಲ. ನೇರ ಬಸ್ ಸ್ಟ್ಯಾಂಡಿಗೆ ಹೋಗಿ, ಆ ಹೊತ್ತಿನಲ್ಲಿ ಹೊರಟ ಒಂದೊಂದು ಬಸ್ಸಿನ ಕಂಡಕ್ಟರಿಗೂ ಫೋನು ಮಾಡಿದರು. ಹಾಸನದ ಬಸ್ಸಿನಲ್ಲಿ ಇಲ್ಲ. ಅರಕಲಗೂಡಿನದರಲ್ಲಿ ಇಲ್ಲ. ಆಗಲೇ ಚನ್ನರಾಯಪಟ್ಟಣ ಮುಟ್ಟಿದ್ದ ಬಸ್ಸಿನ ಕಂಡಕ್ಟರ್ ಯೋಚಿಸಿ, "ನೀಲಿ ಫ್ರಾಕಾ? ಒಂದು ಮಗು ಇತ್ತು ಕಣಣ್ಣ, ಹೆಂಗಸ್ರ ಜೊತೇಲಿ. ಅವರ ಮಗ್ಳು ಅನ್ಕಂಡೆ" ಎಂದ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಸೀಟುಗಳ ತುಂಬ ಹೆಂಗಸರೇ. ಅವಳು ಯಾರೋ ಇಬ್ಬರು ಹೆಂಗಸರ ನಡುವೆ ನುಸುಳಿ ಕೂತುಬಿಟ್ಟಿದ್ದಳು.

ಇವರು ನನಗೆ ಫೋನು ಮಾಡಿ ಚನ್ನರಾಯಪಟ್ಟಣ ಎಂದೊಡನೆ ನನಗೂ ತಿಳಿಯಿತು. ಮಕ್ಕಳ ಮನೆಯ ಮೇಲ್ವಿಚಾರಕಿಗೆ ಫೋನು ಮಾಡಿದರೆ ಅವರಿಗೂ ಆಗಲೇ ಸುದ್ದಿ ಮುಟ್ಟಿತ್ತು. ಆ ಮನೆಯಾಕೆ ಗಾಬರಿಯಾಗಿ ಕರೆ ಮಾಡಿದ್ದಳಂತೆ: ಹುಡುಗಿ ಬಂದು ಗೇಟಿನ ಮುಂದೆ ನಿಂತಿದ್ದಾಳೆ, ಏನು ಮಾಡಲಿ? ಮೇಲ್ವಿಚಾರಕಿ ನಮಗೆ ಬೀದಿಯ ಗುರುತು ಹೇಳಿ, "ಬೇಗ ಹೋಗಿ ಕರ್ಕೊಂಡ್ ಬಂದ್ಬಿಡಿ" ಎಂದರು.

ಪರಿಚಯದವರ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಬಾಗಿಲ ಹಿಡಿಯನ್ನೇ ಹಿಡಿದುಕೊಂಡಿದ್ದೆ. ಎರಡೂ ಕಡೆ ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು. ಹೋದ ಕೂಡಲೇ ಕೈಹಿಡಿದು ಕಾರಿಗೆ ಹತ್ತಿಸಿಕೊಂಡು, ಹಿಂದೆ ತಿರುಗಿ ನೋಡದೆ ಬಂದುಬಿಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಹೊಸ ಬಡಾವಣೆಯ ಒಂದು ಬೀದಿ. ಹಳದಿ ಬಣ್ಣದ ಮನೆ, ಕಬ್ಬಿಣದ ಗೇಟು, ಗೇಟಿಗೆ ಒಳಗಿನಿಂದ ಚಿಲಕ. ಎದುರುಗಡೆ ಮೋರಿಯ ಕಟ್ಟೆಯ ಮೇಲೆ ಅವಳು ಕೂತಿದ್ದಳು. ನಾವು ಇಳಿದದ್ದನ್ನು ನೋಡಿಯೂ ಏಳಲಿಲ್ಲ, ಓಡಲಿಲ್ಲ, ಅಳಲಿಲ್ಲ. ನಾನು ಹೋಗಿ ಅವಳ ರಟ್ಟೆ ಹಿಡಿದೆ. "ನಡಿ ಪುಟ್ಟಿ, ಮನೆಗೋಗೋಣ."

ಅವಳು ನನ್ನ ಕೈ ಬಿಡಿಸಿಕೊಂಡಳು. ನಮ್ಮ ಮನೆಗೆ ಬಂದ ಮೇಲೆ ಅವಳು ನನಗೆ ಬೇಡ ಎಂದದ್ದು ಅದೇ ಮೊದಲು.

"ನಾನು ಅವರ್ನ ಕೇಳ್ಬೇಕು" ಎಂದಳು.

"ಏನು ಕೇಳ್ಬೇಕು?"

"ಕೇಳ್ಬೇಕು."

ಇವರು ಬಂದು ಅವಳ ಪಕ್ಕದಲ್ಲಿ ಮೋರಿಯ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತು ಇಬ್ಬರೂ ಆ ಗೇಟನ್ನೇ ನೋಡಿದರು. ನಾನು ಇವರಿಗೆ ಕಣ್ಣಲ್ಲೇ ಸನ್ನೆ ಮಾಡಿದೆ, ಹೋಗೋಣ ಎಂದು. ಇವರು, "ಇರು. ಅಷ್ಟು ದೂರದಿಂದ ಬಂದವ್ಳೆ. ಕೇಳ್ಬೇಕಾದ್ದು ಕೇಳ್ಲಿ" ಎಂದು ಎದ್ದು ಹೋಗಿ ಗೇಟು ಬಡಿದರು.

ಬಾಗಿಲು ಅರ್ಧ ತೆರೆಯಿತು. ನನ್ನ ವಯಸ್ಸಿನ ಹೆಂಗಸು. ತೆಳ್ಳಗೆ, ಕನ್ನಡಕ, ನೈಟಿಯ ಮೇಲೊಂದು ಟವೆಲು. ನಾನು ಅವಳನ್ನು ಮನಸ್ಸಿನಲ್ಲಿ ಎಷ್ಟೋ ಸಲ ರಾಕ್ಷಸಿಯಂತೆ ಚಿತ್ರಿಸಿಕೊಂಡಿದ್ದೆ. ಹೆದರಿದ ಸಾಮಾನ್ಯ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು.

"ಜಗಳಕ್ಕೆ ಬಂದಿಲ್ಲ ಕಣಮ್ಮ" ಎಂದರು ಇವರು. "ನಮ್ಮ ಮಗ್ಳು ನಿಮ್ಮತ್ರ ಒಂದು ಮಾತು ಕೇಳ್ಬೇಕಂತೆ. ಕೇಳ್ಕಂಡು ಓಯ್ತೀವಿ."

ಆಕೆ ಒಳಗೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ ನಡೆದು ಗೇಟಿನವರೆಗೆ ಬಂದಳು, ಚಿಲಕ ತೆಗೆಯಲಿಲ್ಲ. ಹುಡುಗಿ ಎದ್ದು ಹೋಗಿ ಗೇಟಿನ ಈ ಕಡೆ ನಿಂತಳು.

"ನಾನೇನ್ ಮಾಡ್ದೆ?" ಎಂದು ಕೇಳಿದಳು.

"ಏನೂ ಮಾಡ್ಲಿಲ್ಲ ಪುಟ್ಟ."

"ಮತ್ತೆ ಯಾಕೆ ಬಿಟ್ರಿ?"

ಆಕೆ ಗೇಟಿನ ಸರಳು ಹಿಡಿದುಕೊಂಡಳು. "ನೀನು ಬಂದ ದಿನಾನೇ ನನ್ನ ಅಮ್ಮ ಅಂದೆ. ನಂಗೆ ಒಳಗೆ ಏನೂ ಆಗ್ಲಿಲ್ಲ. ಆಗತ್ತೆ, ಆಗತ್ತೆ ಅಂತ ಕಾದೆ. ಆಗ್ಲಿಲ್ಲ. ನಂಗೆ ಭಯ ಆಯ್ತು" ಎಂದಳು. ಆಮೇಲೆ ಅಳತೊಡಗಿದಳು. "ತಪ್ಪು ನಿಂದಲ್ಲ ಕಣೋ ಪುಟ್ಟ."

ಹುಡುಗಿ ಅದನ್ನು ಕೇಳಿಸಿಕೊಂಡಳು. ಅರ್ಥವಾಯಿತೋ ಇಲ್ಲವೋ. "ನನ್ ಸೈಕಲ್ಲು?" ಎಂದಳು.

"ನಮ್ಮಣ್ಣನ ಮಗಳಿಗೆ ಕೊಟ್ವಿ."

ಅದಕ್ಕೆ ಅವಳು ತಲೆಯಾಡಿಸಿದಳು. ತಾನು ಕೇಳಲು ಬಂದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು ಅನ್ನುವ ಹಾಗೆ. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಯಾರಿಗಾಗಿ ಎಂದು ನನಗೇ ತಿಳಿಯಲಿಲ್ಲ. ಆಕೆ ಹೇಳಿದ್ದು ನನಗೆ ತೀರ ಪರಿಚಯದ ಮಾತಾಗಿತ್ತು. ಹೊಳೆನರಸೀಪುರದ ನಿಲ್ದಾಣದಲ್ಲಿ ಆ ದಿನ ನನಗೆ ಆದದ್ದೂ ಅದೇ ಗಾಬರಿ.

ಇನ್ನಾದರೂ ಹೊರಡಬಹುದು ಎಂದುಕೊಂಡೆ. ಆದರೆ ಹುಡುಗಿ ವಾಪಸ್ ಹೋಗಿ ಮೋರಿಯ ಕಟ್ಟೆಯ ಮೇಲೆ ಕೂತಳು.

"ನಾನು ಬರಲ್ಲ."

"ಎಲ್ಲಿಗೋಗ್ತೀಯ?" ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

"ಎಲ್ಲಿಗೂ ಹೋಗಲ್ಲ. ನೀವು ಹೋಗಿ."

ಇವರು ಮತ್ತೆ ಅವಳ ಪಕ್ಕದಲ್ಲಿ ಕೂತರು. "ಸರಿ ಬುಡು. ನಾನೂ ಓಗಲ್ಲ."

"ನೀವ್ಯಾಕೆ?"

"ನೀನು ಇಲ್ಲಿದ್ದೀಯಲ್ಲ."

ಅವಳು ಇವರ ಮುಖ ನೋಡದೆಯೇ ಕೇಳಿದಳು, "ನಿಮಗೂ ನಾನು ಬೇಡ ಅಲ್ವಾ? ಯಾರಿಗೂ ಬೇಡ್ದೆ ಇರೋ ಮಗು ಅಂತ ಪಾಸ್ಟರ್ ಹೇಳಿದ್ರಲ್ಲ."

"ಪಾಸ್ಟ್ರಿಗೆ ಗೊತ್ತಿಲ್ಲ ಕಣವ್ವ. ನೀನು ನಮಗೆ ಬೇಕಾಗೇ ನಾವು ಬಂದಿದ್ದು. ಅವತ್ತು ಹಾಸನಕ್ಕೂ ಅದಕ್ಕೇ ಬಂದಿದ್ದು, ಇವತ್ತು ಇಲ್ಲಿಗೂ ಅದಕ್ಕೇ."

ಆ ಮಧ್ಯಾಹ್ನ ಬಹಳ ಉದ್ದವಾಯಿತು. ಇವರಿಗೆ ಸಾಯಂಕಾಲದ ಡ್ಯೂಟಿ ಇತ್ತು. ಡಿಪೊಗೆ ಫೋನು ಮಾಡಿ ಬರುವುದಿಲ್ಲ ಎಂದರು. ಆ ಕಡೆಯಿಂದ ಬೈದದ್ದು ನನಗೂ ಕೇಳಿಸಿತು. ಕಾರು ತಂದವರನ್ನು ಕಳಿಸಿಬಿಟ್ಟೆವು. ಬೀದಿಯ ಜನ ಬಂದು ಯಾರು, ಏನು, ಎಂದು ಕೇಳಿ ಹೋದರು. ನಾನು ಕೂರುತ್ತಿದ್ದೆ, ಏಳುತ್ತಿದ್ದೆ, ಬೀದಿಯ ಆ ತುದಿಗೆ ನಡೆದು ಬರುತ್ತಿದ್ದೆ. ಮೋರಿಯ ವಾಸನೆ, ಬಿಸಿಲು, ಮೈಮೇಲೆ ಚರ್ಚಿಗೆಂದು ಉಟ್ಟ ರೇಷ್ಮೆ ಸೀರೆ. ಎಳನೀರಿನ ಗಾಡಿಯೊಂದು ಬಂತು. ಇವರು ಮೂರು ಕೆತ್ತಿಸಿದರು. ಅವಳು ಬೇಡವೆಂದಳು. ಇವರು ಅದನ್ನು ಅವಳ ಪಕ್ಕದಲ್ಲಿಟ್ಟು ತಮ್ಮದು ಕುಡಿಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಕುಡಿದಳು, ಕುಡಿದು ಒಳಗಿನ ಗಂಜಿ ತೆಗೆದು ಕೊಡಿ ಎಂದು ಗಾಡಿಯವನನ್ನೇ ಕೇಳಿದಳು.

ಅವರಿಬ್ಬರನ್ನೂ ಎದುರುಗಡೆಯಿಂದ ನೋಡುತ್ತ ನಿಂತಾಗ ನನಗೆ ಬೆಳಗಿನ ಪ್ರಸಂಗ ನೆನಪಾಯಿತು. ದೇವರು ತನ್ನನ್ನೇ ಕೊಟ್ಟ ಎಂದು ಪಾಸ್ಟರ್ ಹೇಳಿದ್ದರು. ಹುಟ್ಟಿದಾಗಿನಿಂದ ಕೇಳಿದ ಮಾತು. ನಾನು ಅದನ್ನು ಯಾವಾಗಲೂ ಒಂದು ದೊಡ್ಡ ಕೊಡುಗೆಯ ಹಾಗೆ ಯೋಚಿಸಿದ್ದೆ. ಒಂದು ಸಲ ಕೊಟ್ಟು ಮುಗಿದದ್ದು, ನಾವು ಕೃತಜ್ಞರಾಗಿ ಪಡೆದದ್ದು. ಆದರೆ ತನ್ನನ್ನು ಕೊಡುವುದೆಂದರೆ ಇದಲ್ಲವೇ ಅನ್ನಿಸಿತು. ಬೇಡ ಎನ್ನುವವರ ಪಕ್ಕದಲ್ಲಿ ಹೋಗಿ ಕೂರುವುದು. ಅವರು ಯಾವಾಗ ಏಳುತ್ತಾರೋ ತಿಳಿಯದೆ ಕೂರುವುದು. ನಮ್ಮ ಸುಖದುಃಖವನ್ನು ಇನ್ನೊಬ್ಬರ ಕೈಗೆ ಕೊಟ್ಟುಬಿಡುವುದು, ಅವರು ಅದನ್ನು ಎಸೆಯಬಹುದು ಎಂದು ಗೊತ್ತಿದ್ದೂ. ನೆಮ್ಮದಿ ಕೊಡುವವನು ಎಂದು ನಾನು ದೇವರನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಅವನಿಗೇ ನೆಮ್ಮದಿ ಇದೆಯೇ ಎಂದು ಯಾವತ್ತೂ ಕೇಳಿರಲಿಲ್ಲ. ಮನುಷ್ಯರನ್ನು ಇಷ್ಟು ಹಚ್ಚಿಕೊಂಡವನಿಗೆ ನೆಮ್ಮದಿ ಎಲ್ಲಿಂದ ಬರಬೇಕು?

ನಾನು ಹೋಗಿ ಅವಳ ಇನ್ನೊಂದು ಪಕ್ಕದಲ್ಲಿ ಕೂತೆ.

ಬಿಸಿಲು ಇಳಿಯುತ್ತ ಬಂದಾಗ ಅವಳು, "ನಾಳೆ ಸ್ಕೂಲಿದೆಯಾ?" ಎಂದು ಕೇಳಿದಳು.

"ಇದೆ" ಎಂದೆ.

"ಹೋಮ್‌ವರ್ಕ್ ಮಾಡಿಲ್ಲ" ಎಂದು ಎದ್ದು ನಿಂತಳು.

ಬಸ್ಸಿನಲ್ಲಿ ಊರಿಗೆ ಬಂದೆವು. ಅವಳು ಕಿಟಕಿಯ ಹತ್ತಿರ ಕೂತು ನಿದ್ದೆ ಹೋದಳು. ತಲೆ ಕಂಬಿಗೆ ಬಡಿಯುತ್ತಿತ್ತು. ಇವರು ನಡುವೆ ತಮ್ಮ ಅಂಗೈ ಇಟ್ಟುಕೊಂಡು ಊರು ಬರುವವರೆಗೂ ಹಾಗೇ ನಿಂತಿದ್ದರು.

ಮರುದಿನ ಪಾಸ್ಟರ್ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಬೆವರುತ್ತಿದ್ದರು. ಕ್ಷಮೆ ಕೇಳಬೇಕೆಂದು ಬಂದವರು ಮಾತು ಸಿಗದೆ, "ಒಳ್ಳೇದಕ್ಕೇ ಅಂತ ಹೇಳ್ಬಿಟ್ಟೆ ಬ್ರದರ್" ಎಂದರು. ಅವರಿಗೂ ಮನೆಯಲ್ಲಿ ಚಿಕ್ಕ ಮಗುವಿತ್ತು. ರಾತ್ರಿಯೆಲ್ಲ ಅದರ ಮುಖ ನೋಡುತ್ತ ಕೂತಿದ್ದೆ ಎಂದರು. ನನ್ನ ಸಿಟ್ಟು ಅಷ್ಟಕ್ಕೇ ಇಳಿದುಹೋಯಿತು. ಇವರು ಕಾಫಿ ಲೋಟ ಮುಂದಿಟ್ಟು, "ನಮ್ಮನ್ನ ದೇವ್ರಿಗೆ ಓಲಿಸ್ಬೇಡಿ ಪಾಸ್ಟ್ರೇ. ನಮಗೆ ಮಗು ಬೇಕಾಗಿತ್ತು, ಕರ್ಕಂಡ್ ಬಂದೊ. ಅವ್ಳನ್ನ ಉದ್ಧಾರ ಮಾಡಕ್ಕೆ ತಂದಿದ್ದಲ್ಲ" ಎಂದರು. ಪಾಸ್ಟರ್ ಹುಡುಗಿಯನ್ನು ಕರೆದು ಅವಳ ಮುಂದೆ ಮಂಡಿಯೂರಿ, "ತಪ್ಪಾಯ್ತಮ್ಮ" ಎಂದರು. ಅವಳು ಅವರನ್ನೇ ನೋಡಿದಳು. "ಮೈಕಲ್ಲಿ ಹೇಳ್ಬೇಡಿ ಇನ್ಮೇಲೆ" ಎಂದು ಒಳಗೆ ಹೋದಳು.

ಅಲ್ಲಿಂದ ಮುಂದಿನ ಕಾಲ ಸುಲಭದ್ದಾಗಿರಲಿಲ್ಲ. ಒಳ್ಳೆಯ ಹುಡುಗಿ ಚನ್ನರಾಯಪಟ್ಟಣದಲ್ಲೇ ಉಳಿದುಬಿಟ್ಟಿದ್ದಳೇನೋ. ನಮ್ಮ ಜೊತೆ ಬಂದವಳು ಬೇರೆ. ನನ್ನನ್ನು ಅಮ್ಮ ಎನ್ನುವುದನ್ನು ನಿಲ್ಲಿಸಿದಳು. ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ, ಬೇಕಾದರೆ ಎದುರಿಗೆ ಬಂದು ನಿಲ್ಲುತ್ತಿದ್ದಳು. ತಟ್ಟೆ ನೂಕಿದಳು. ನನ್ನ ತಾಯಿಯ ಕಾಲದ ನಿಲುವುಗನ್ನಡಿಯನ್ನು ಬೇಕೆಂದೇ ಒಡೆದಳು. ಒಡೆದ ಚೂರುಗಳ ನಡುವೆ ನಿಂತು ಉಸಿರು ಬಿಡುತ್ತ, "ಈಗ ಕಳಿಸ್ತೀರಾ?" ಎಂದಳು.

"ಇಲ್ಲ. ಕಾಲೆತ್ತಬೇಡ, ಗಾಜು ಚುಚ್ಚತ್ತೆ."

"ಯಾಕೆ ಕಳಿಸಲ್ಲ?"

ಯಾವ ಕಾರಣ ಹೇಳಿದ್ದರೂ ಅದನ್ನೂ ಅವಳು ಒಡೆದು ನೋಡುತ್ತಿದ್ದಳು. ಅವಳನ್ನು ಎತ್ತಿ ಮಂಚದ ಮೇಲೆ ಕೂರಿಸಿ, ಗಾಜು ಗುಡಿಸಿದೆ. ಆ ದಿನಗಳಲ್ಲಿ ನಾನು ಅರಕಲಗೂಡಿನಿಂದ ಬಸ್ಸಿನಲ್ಲಿ ಬರುತ್ತ, ಇವತ್ತು ಮನೆಯಲ್ಲಿ ಏನು ಕಾದಿದೆಯೋ ಎಂದು ಯೋಚಿಸುತ್ತಿದ್ದೆ. ಒಮ್ಮೊಮ್ಮೆ ಬಸ್ಸು ಇನ್ನೂ ನಿಧಾನವಾಗಿ ಹೋಗಲಿ ಅನ್ನಿಸುತ್ತಿತ್ತು. ಪಕ್ಕದ ಅಜ್ಜಿ ಗಲಾಟೆ ಕೇಳಿ ಬಂದು, "ಈಗ ಸರಿಯಾಯ್ತು ನೋಡು. ಮಕ್ಕಳು ಇದ್ದ ಮನೆ ಇಂಗಿರ್ಬೇಕು" ಎಂದರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇವರಿಗೆ ಮಾತ್ರ ಅಜ್ಜಿಯ ಮಾತು ಬಹಳ ಹಿಡಿಸಿತು.

ಬೇಸಿಗೆ ರಜೆಯಲ್ಲಿ ಹಾಸನದಿಂದ ದತ್ತು ಆದೇಶ ಬಂತು. ಸಭೆಯವರು ಹೂವು ತಂದರು, ಅಜ್ಜಿ ಪಾಯಸ ಮಾಡಿ ಕಳಿಸಿದರು. ಎಲ್ಲ ಆಯಿತಲ್ಲ, ಇನ್ನು ನಿಶ್ಚಿಂತೆ ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅವಳು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೂ ಆ ಸೇತುವೆಯ ಕೆಳಗಿನ ನೀರು ನನ್ನ ಕಣ್ಣ ಮುಂದೆ ಹರಿಯತೊಡಗುತ್ತಿತ್ತು. ಈಗಲೂ ಅಷ್ಟೇ. ಅವಳ ಬಟ್ಟೆಗಳು ಬೀರುವಿಗೆ ಯಾವಾಗ ಹೋದವು, "ಅಮ್ಮ" ಯಾವಾಗ ವಾಪಸ್ ಬಂತು, ನಾನು ಗಮನಿಸಲೇ ಇಲ್ಲ. ಒಂದು ದಿನ ಜಗಳದ ಮಧ್ಯೆ, "ಅಯ್ಯೋ ಅಮ್ಮ, ಸಾಕು ನಿಲ್ಸು" ಎಂದು ಅವಳು ಚೀರಿದಾಗ, ಇದು ಎಷ್ಟು ದಿನದಿಂದ ನಡೆಯುತ್ತಿದೆ ಎಂದು ಆಶ್ಚರ್ಯವಾಯಿತು. ಆ ಶಬ್ದದಲ್ಲಿ ಈ ಸಲ ಸಲೀಸು ಇರಲಿಲ್ಲ. ಮೈತುಂಬ ಸಿಟ್ಟು ಇತ್ತು.

ಚನ್ನರಾಯಪಟ್ಟಣದ ಆ ಹೆಂಗಸಿಗಾಗಿ ನಾನು ಪ್ರಾರ್ಥನೆ ಮಾಡುತ್ತೇನೆ. ಇದನ್ನು ಮಗಳಿಗೆ ಹೇಳಿಲ್ಲ. ಆಕೆಗೆ ಆಗದೆ ಹೋದದ್ದು ನನಗೆ ಹೇಗೆ ಆಯಿತು ಎಂದು ಕೇಳಿದರೆ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಮೋರಿಯ ಕಟ್ಟೆಯ ಮೇಲೆ ಒಬ್ಬರು ಮೊದಲು ಹೋಗಿ ಕೂತಿದ್ದರು, ನಾನು ಆಮೇಲೆ ಕೂತೆ.

ಈಗ ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ಕಬಡ್ಡಿ ಆಡುತ್ತಾಳೆ. ಹೋದ ತಿಂಗಳು ಪಂದ್ಯಕ್ಕೆ ತಯಾರಿ ಎಂದು ಪ್ರತಿದಿನ ಸಂಜೆ ಶಾಲೆಯಲ್ಲೇ ಉಳಿಯುತ್ತಿದ್ದಳು. ಮನೆಯಲ್ಲಿ ಕೂರಲಾರದೆ ನಾನು ಒಂದು ದಿನ ಶಾಲೆಯ ಗೇಟಿನವರೆಗೆ ಹೋದೆ. ಗೆಳತಿಯರ ಗುಂಪಿನಲ್ಲಿ ಬಂದವಳು ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡಳು.

"ಯಾಕೆ ಬಂದೆ? ನಾನೇನ್ ಕಳೆದೋಗ್ತೀನಾ?"

"ಗೊತ್ತಿಲ್ಲ. ಮನೇಲಿ ಕೂರಕ್ಕಾಗ್ಲಿಲ್ಲ."

"ನಾಳೆಯಿಂದ ಬರ್ಬೇಡ. ಇವರೆಲ್ಲ ನಗ್ತಾರೆ."

"ಆಯ್ತು" ಎಂದೆ.

ಮರುದಿನ ಸಂಜೆ ಶಾಲೆಯ ಎದುರಿನ ಬೇಕರಿಯ ಪಕ್ಕದಲ್ಲಿ, ಹಣ್ಣಿನ ಗಾಡಿಯ ಮರೆಯಲ್ಲಿ ನಿಂತೆ. ಅವಳು ಮಣ್ಣು ಮೆತ್ತಿದ ಮೊಣಕಾಲಿನಲ್ಲಿ, ಜೋರಾಗಿ ಮಾತಾಡುತ್ತ ಹೊರಗೆ ಬಂದಳು. ಒಂದು ಸಲ ಬೇಕರಿಯ ಕಡೆ ನೋಡಿದಳು. ಕಂಡಿರಬೇಕು. ಗೆಳತಿಯರ ಜೊತೆ ಮುಂದೆ ನಡೆದಳು, ಸ್ವಲ್ಪ ನಿಧಾನವಾಗಿ. ನಾನು ಹಿಂದೆ ಹಿಂದೆಯೇ ಹೋದೆ.